ಎರಡು ಸಿಟ್ಟುಗಳ ನಡುವೆ ತಾಯಿ



ಇಂದಿನ ವಿಷಯವನ್ನು ನಾವು ಯಾವ ಗ್ರಂಥದಿಂದಲೂ ಆರಿಸಿಕೊಂಡಿಲ್ಲ. ಮಠದ ಕಟ್ಟೆಯ ಮೇಲೆ ಕುಳಿತು ಅತ್ತುಹೋದ ಒಬ್ಬ ತಾಯಿಯ ಕಣ್ಣೀರೇ ಇಂದಿನ ವಿಷಯ. ಆಕೆ ಯಾರು, ಯಾವ ಊರಿನವಳು ಎಂಬುದು ಬೇಡ. ಅಂಥ ತಾಯಿ ಪ್ರತಿ ಓಣಿಯಲ್ಲಿಯೂ ಇದ್ದಾಳೆ.

ಆಕೆಯ ಮಗನಿಗೆ ಮೂವತ್ತು ವರ್ಷ. ಓದಿದವನು. ಕೆಲಸ ಹೋಯಿತು, ಕುಡಿತ ಬಂತು. ತಂದೆ ಬೆವರು ಸುರಿಸಿ ಹೊಲ ಉಳಿಸಿಕೊಂಡ ಮನುಷ್ಯ. ಮಗನ ಮುಖ ಕಂಡರೆ ಸಿಡಿಯುತ್ತಾನೆ. ತಂದೆಯ ಕೆಮ್ಮು ಕೇಳಿದರೆ ಮಗ ಎದ್ದು ಹೊರಗೆ ನಡೆಯುತ್ತಾನೆ. 'ಅವನಿಗೆ ಹೇಳು' ಎಂದು ಇವನು, 'ಅಪ್ಪಗ ಹೇಳು' ಎಂದು ಅವನು. ತಾಯಿ ಒಂದೇ ಅಡಿಗೆಯನ್ನು ಎರಡು ಹೊತ್ತಿಗೆ ಬಡಿಸುತ್ತಾಳೆ. "ಅಜ್ಜಾರ, ಒಂದ ಕಡೆ ತಾಳಿ, ಒಂದ ಕಡೆ ಕರುಳು. ನಾ ಯಾರ ಕಡೆ ನಿಲ್ಲಲಿ?" ಎಂದು ಕೇಳಿದಳು.

ಇಂಥದೇ ಪ್ರಶ್ನೆಯನ್ನು ಹಲವು ವರ್ಷಗಳ ಹಿಂದೆ ಇನ್ನೊಬ್ಬ ತಾಯಿ ಕೇಳಿದ್ದಳು. 'ತಾಳ್ಮೆ ತಂದುಕೋ ತಾಯಿ, ಎಲ್ಲ ಸರಿಹೋಗುತ್ತದೆ' ಎಂದು ನಾವು ವಿಭೂತಿ ಕೊಟ್ಟು ಕಳಿಸಿದೆವು. ಆಕೆ ತಾಳಿಕೊಂಡಳು. ಗಂಡನಿಗೆ ತಿಳಿಯದಂತೆ ಬೆಂಡೋಲೆ ಮಾರಿ ಮಗನ ಸಾಲ ತೀರಿಸಿದಳು. ಅವನು ಕುಡಿದು ಬಿದ್ದಾಗ ಜ್ವರವೆಂದು ಸುಳ್ಳು ಹೇಳಿದಳು. ಮೂರು ವರ್ಷದಲ್ಲಿ ಆ ಮಗ ತೀರಿಕೊಂಡನು. ಮತ್ತೆ ಬಂದಾಗ ಆಕೆ ನಮ್ಮನ್ನು ದೂರಲಿಲ್ಲ. ಅದೇ ನಮ್ಮನ್ನು ಇಂದಿಗೂ ಚುಚ್ಚುತ್ತದೆ. ತಾಳ್ಮೆ ದೊಡ್ಡ ಗುಣ, ನಿಜ. ಆದರೆ ಮುಚ್ಚಿಡುವುದು ತಾಳ್ಮೆಯಲ್ಲ. ಈ ಭೇದವನ್ನು ಅಂದು ನಾವು ಹೇಳಲಿಲ್ಲ. ಆದುದರಿಂದ ಇಂದು ಹೇಳುತ್ತೇವೆ.

ಮಹಾಭಾರತದ ಉದ್ಯೋಗಪರ್ವವನ್ನು ನೆನೆಯಿರಿ. ಶ್ರೀಕೃಷ್ಣನು ಸಂಧಿಗಾಗಿ ಬಂದಿದ್ದಾನೆ; ದುರ್ಯೋಧನನು ಒಪ್ಪುವುದಿಲ್ಲ. ಧೃತರಾಷ್ಟ್ರನು ಕೊನೆಗೆ ಗಾಂಧಾರಿಯನ್ನು ಸಭೆಗೆ ಕರೆಸುತ್ತಾನೆ. ಆಕೆ ಬಂದು ಮೊದಲು ಯಾರಿಗೆ ಬುದ್ಧಿ ಹೇಳಿದಳು? ಮಗನಿಗಲ್ಲ, ಗಂಡನಿಗೆ. ಮಗನ ದೋಷವನ್ನು ತಿಳಿದೂ ಮೋಹದಿಂದ ನಡೆದ ತಪ್ಪು ನಿನ್ನದು ಎಂದಳು. ಆಮೇಲೆ ಮಗನಿಗೆ ಹೇಳಿದಳು. ಇಬ್ಬರಿಗೂ ಹೇಳಿದ್ದು ಒಂದೇ ಸತ್ಯ, ಒಂದೇ ಸಭೆಯಲ್ಲಿ. ಅಡಿಗೆಮನೆಯಲ್ಲಿ ಒಂದು, ಪಡಸಾಲೆಯಲ್ಲಿ ಒಂದು ಅಲ್ಲ. ಮಗ ಕೇಳಲಿಲ್ಲ, ಸಭೆ ಬಿಟ್ಟು ಎದ್ದುಹೋದ. ಯುದ್ಧಕಾಲದಲ್ಲಿ ಆಶೀರ್ವಾದ ಬೇಡಿದಾಗಲೂ ಆಕೆ 'ನಿನಗೆ ಜಯವಾಗಲಿ' ಎನ್ನಲಿಲ್ಲ. ಜಯವನ್ನು ಧರ್ಮದ ಪಾಲಿಗೆ ಬಿಟ್ಟಳು. ಮಗನ ಮೇಲೆ ಪ್ರೀತಿ ಇರಲಿಲ್ಲವೇ? ನೂರು ಮಕ್ಕಳನ್ನು ಕಳೆದುಕೊಂಡು ಆಕೆ ಪಟ್ಟ ಶೋಕವೇ ಅದಕ್ಕೆ ಸಾಕ್ಷಿ. ಪ್ರೀತಿ ಬೇರೆ, ಪಕ್ಷ ವಹಿಸುವುದು ಬೇರೆ.

ಇನ್ನು ತಂದೆಯರಿಗೆ ಒಂದು ಮಾತು. ಕುಡಿತವು ದುರ್ಗುಣವಷ್ಟೇ ಅಲ್ಲ, ಚಟವಾಗಿ ಬೇರೂರಿದ ಮೇಲೆ ಅದು ರೋಗ. ಬಹುದಿನದಿಂದ ನಿತ್ಯ ಕುಡಿಯುವವನು ಒಮ್ಮೆಲೇ ಬಿಟ್ಟರೆ ಕೈನಡುಕ, ಫಿಟ್ಸು, ಭ್ರಮೆ ಬರುವುದುಂಟು, ಪ್ರಾಣಾಪಾಯವೂ ಉಂಟು. ಆದುದರಿಂದ ಮಠಕ್ಕೆ ಎಳೆತಂದು ಆಣೆ ಮಾಡಿಸುವುದಾಗಲಿ, ಕೋಣೆಯಲ್ಲಿ ಕೂಡಿಹಾಕುವುದಾಗಲಿ ಮದ್ದಲ್ಲ. ವೈದ್ಯರಲ್ಲಿಗೆ ಹೋಗತಕ್ಕದ್ದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ಸಹಾಯವಾಣಿಗೆ 14416 ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮಗ ಬಾರದಿದ್ದರೆ ತಾಯಿಯೇ ಕೇಳಬಹುದು. ಅದರಲ್ಲಿ ಮಾನಹಾನಿಯೇನೂ ಇಲ್ಲ.

ಕಠೋಪನಿಷತ್ತಿನಲ್ಲಿ ತಂದೆಯೊಬ್ಬನು ಸಿಟ್ಟಿನಲ್ಲಿ ಮಗನಿಗೆ 'ನಿನ್ನನ್ನು ಮೃತ್ಯುವಿಗೆ ಕೊಡುತ್ತೇನೆ' ಎಂದುಬಿಟ್ಟ. ಮಗ ನಚಿಕೇತ ಹೊರಟೇಹೋದ. ಯಮನು ಮೂರು ವರ ಕೊಟ್ಟಾಗ ಆ ಬಾಲಕನು ಮೊದಲು ಕೇಳಿದ್ದು ಸ್ವರ್ಗವನ್ನಲ್ಲ, ಆತ್ಮವಿದ್ಯೆಯನ್ನೂ ಅಲ್ಲ. ತಂದೆಯ ಸಿಟ್ಟು ಇಳಿಯಲಿ, ಹಿಂದಿರುಗಿದಾಗ ನನ್ನನ್ನು ಗುರುತಿಸಿ ಮಾತನಾಡಿಸಲಿ ಎಂದು ಕೇಳಿದ. ಹೊಸ್ತಿಲಲ್ಲಿ ನಿಂತ ಮಗನಿಗೆ ಇಂದಿಗೂ ಬೇಕಾದದ್ದು ಅದೇ ವರ. ಅದನ್ನು ಕೊಡಲು ಯಮನೇ ಬೇಕಾಗಿಲ್ಲ, ತಂದೆ ಸಾಕು.

ಆ ತಾಯಿಗೆ ನಾವು ಹೇಳಿದ್ದು ಇಷ್ಟು: ನೀನು ಯಾರ ಕಡೆಗೂ ನಿಲ್ಲಬೇಡ, ನಿಜದ ಕಡೆ ನಿಲ್ಲು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೊರಬೇಡ. ಮಗನಿಗೆ ಅನ್ನ ಕೊಡು, ಕುಡಿತಕ್ಕೆ ರೊಕ್ಕ ಕೊಡಬೇಡ. ಯಾರಾದರೂ ಕೈ ಎತ್ತಿದ ದಿನ ಅಲ್ಲಿ ನಿಲ್ಲಬೇಡ. ತವರಿಗೋ ನೆರೆಮನೆಗೋ ನಡೆ. ಹೊತ್ತಿಗೆ ಸರಿಯಾಗಿ ಉಣ್ಣು. ಅವರಿಬ್ಬರ ಸಿಟ್ಟಿಗೆ ನೀನು ಸೌದೆಯಾಗಬೇಡ.

ಮುಂದಿನ ಸೋಮವಾರ ಇಬ್ಬರನ್ನೂ ಕರೆದುಕೊಂಡು ಬಾ, ಬಾರದಿದ್ದರೆ ಒಬ್ಬಳೇ ಬಾ ಎಂದೆವು. ಒಬ್ಬಳೇ ಬಂದಳು. ಅದರಾಚೆಯ ಸೋಮವಾರ ಆಕೆಯ ಹಿಂದೆ ಒಬ್ಬ ಮುದುಕ ಬಂದು ಕಂಬಕ್ಕೆ ಒರಗಿ ಕುಳಿತ. ಬಹಳ ಹೊತ್ತು ಸುಮ್ಮನಿದ್ದು, "ಆಸ್ಪತ್ರಿಗೆ ನಾನೂ ಹೋಗಬೇಕೇನ್ರೀ?" ಎಂದು ಕೇಳಿದ. ಹೋಗಬೇಕು ಎಂದೆವು. ಮಗ ಇನ್ನೂ ಬಂದಿಲ್ಲ. ಬರಲಿ ಎಂದು ನೀವೂ ನಮ್ಮೊಡನೆ ಹಾರೈಸಿರಿ.