ಕಾಡುಪಾಪ: ನಮ್ಮ ಬೇಲಿಯ ಜೀವ

(ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)

ಇವತ್ತು ಒಂದು ಪುಟ್ಟ ಪ್ರಾಣಿಯ ವಿಷಯ ಹೇಳ್ತೀನಿ. ಅದರ ಹೆಸರು ಕಾಡುಪಾಪ. ಹೆಸರು ಕೇಳಿದವರು ಬಹಳ ಜನ. ಕಣ್ಣಾರೆ ಕಂಡವರು ಕಡಿಮೆ. ಯಾಕೆ ಅಂದರೆ ನಾವು ಮಲಗೋ ಹೊತ್ತಿಗೆ ಅದು ಏಳುತ್ತೆ. ನಾವು ಏಳೋ ಹೊತ್ತಿಗೆ ಅದು ಮಲಗುತ್ತೆ.

ಕಾಡುಪಾಪ ಹೇಗಿರುತ್ತೆ? ಮೈ ಉದ್ದ ಸುಮಾರು ಒಂದು ಗೇಣು. ತೂಕ ಕಾಲು ಕಿಲೋ ಆಸುಪಾಸು. ಕೈಕಾಲು ಕಡ್ಡಿಯ ಹಾಗೆ ಸಣ್ಣ. ಬಾಲ ಇಲ್ಲ. ಮುಖದಲ್ಲಿ ಎದ್ದು ಕಾಣೋದು ಎರಡು ದುಂಡನೆ ಕಣ್ಣು. ಬ್ಯಾಟರಿ ಬೆಳಕು ಬಿದ್ದರೆ ಆ ಕಣ್ಣು ಕೆಂಡದ ಹಾಗೆ ಹೊಳೆಯುತ್ತೆ. ಅದನ್ನು ನೋಡಿ ದೆವ್ವ ಅಂತ ಹೆದರುವವರಿದ್ದಾರೆ. ಬೆಕ್ಕಿನ ಕಣ್ಣೂ ಕತ್ತಲಲ್ಲಿ ಹೊಳೆಯುತ್ತೆ ಅಲ್ವಾ? ಇದೂ ಹಾಗೇ. ಕಣ್ಣಿನ ಒಳಗೆ, ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಅದರಿಂದ ಇರುಳಿನ ಮಸುಕು ಬೆಳಕಲ್ಲೂ ಅದಕ್ಕೆ ಕಾಣುತ್ತೆ.

ಕಾಡುಪಾಪ ಮಂಗನ ದೂರದ ನೆಂಟ. ಮಂಗನಿಗಿಂತ ಹತ್ತಿರದ ನೆಂಟರು ಬೇರೆ ಇದ್ದಾರೆ. ಆಫ್ರಿಕಾದ ಪಕ್ಕ, ಸಮುದ್ರದಲ್ಲಿ ಮಡಗಾಸ್ಕರ್ ಎಂಬ ದೊಡ್ಡ ದ್ವೀಪ ಇದೆ. ಅಲ್ಲಿ ಲೀಮರ್ ಎಂಬ ಪ್ರಾಣಿಗಳಿವೆ. ಅವೇ ಆ ನೆಂಟರು. ಇಬ್ಬರಿಗೂ ಕೆಳಗಿನ ಮುಂದಿನ ಹಲ್ಲುಗಳು ಬಾಚಣಿಗೆಯ ಹಾಗಿವೆ. ಆ ಹಲ್ಲಿನಿಂದಲೇ ಮೈಕೂದಲು ಬಾಚಿಕೊಳ್ಳುತ್ತವೆ. ಲೀಮರ್ ಇರೋದು ಅಷ್ಟು ದೂರ. ನಮ್ಮ ಕಾಡುಪಾಪ ಇರೋದು ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ. ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲ.

ಹೆಸರು ಕಾಡುಪಾಪ. ಆದರೆ ದಟ್ಟ ಕಾಡೇ ಬೇಕು ಅಂತೇನಿಲ್ಲ. ಮಲೆನಾಡಿನ ಕಾಡಲ್ಲೂ ಇದೆ, ಬಯಲುಸೀಮೆಯ ಕುರುಚಲು ಗಿಡಗಳಲ್ಲೂ ಇದೆ. ತುಮಕೂರು ಜಿಲ್ಲೆಯ ನಾಗವಲ್ಲಿ ಸುತ್ತಮುತ್ತ ಊರ ಪಕ್ಕದ ಮರಗಿಡಗಳಲ್ಲೇ ಇದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಇದೆ. ಹಗಲು ಮುಳ್ಳಿನ ಪೊದೆಯಲ್ಲಿ ಉಂಡೆಯಾಗಿ ಮಲಗುತ್ತೆ. ಕೆಲವೊಮ್ಮೆ ಮೂರು ನಾಲ್ಕು ಸೇರಿ ಅಪ್ಪಿಕೊಂಡು ಮಲಗುತ್ತವೆ. ಮುಳ್ಳೇ ಅವಕ್ಕೆ ಬಾಗಿಲು, ಚಿಲಕ ಎಲ್ಲಾ.

ಅದು ತಿನ್ನೋದು ಏನು? ಜೀರುಂಡೆ, ಮಿಡತೆ, ಇರುವೆ, ಗೆದ್ದಲು. ಒಮ್ಮೊಮ್ಮೆ ಮರದ ಅಂಟು. ನಮ್ಮ ರಾಗಿ, ಜೋಳ ಮುಟ್ಟಲ್ಲ. ಕೋಳಿ ಹಿಡಿಯಲ್ಲ. ಹುಳ ತಿಂದು ನಮಗೆ ಉಪಕಾರವನ್ನೇ ಮಾಡುತ್ತೆ.

ಈಗ ಅದರ ಬಾಣಂತನದ ಮಾತು. ಮೇಕೆ ಎಷ್ಟು ತಿಂಗಳಿಗೆ ಮರಿ ಹಾಕುತ್ತೆ? ಐದು ತಿಂಗಳಿಗೆ. ಇಲಿ ಮೂರೇ ವಾರಕ್ಕೆ ಮರಿ ಹಾಕುತ್ತೆ. ಕಾಡುಪಾಪ ಮೇಕೆಗಿಂತ ಎಷ್ಟೋ ಚಿಕ್ಕದು. ಆದರೂ ಐದೂವರೆ ತಿಂಗಳು ಹೊರುತ್ತೆ! ಹೆರುವುದು ಒಂದೋ ಎರಡೋ ಮರಿ, ಅಷ್ಟೇ. ಮೊದಲ ಕೆಲವು ವಾರ ಮರಿ ತಾಯಿಯ ಹೊಟ್ಟೆ ಕಚ್ಚಿಕೊಂಡೇ ಇರುತ್ತೆ. ಆಮೇಲೆ ತಾಯಿ ರಾತ್ರಿ ಮರಿಯನ್ನು ಒಂದು ಕೊಂಬೆಯ ಮೇಲೆ ಕೂರಿಸಿ ಮೇವಿಗೆ ಹೋಗುತ್ತಾಳೆ. ನಾವು ಮಗುವನ್ನು ಜೋಲಿಯಲ್ಲಿ ಮಲಗಿಸಿ ಹೊಲದ ಕೆಲಸಕ್ಕೆ ಇಳಿದ ಹಾಗೆ. ಬೆಳಗಾಗುವ ಮುಂಚೆ ಬಂದು ಕರೆದುಕೊಂಡು ಹೋಗುತ್ತಾಳೆ. ಆದ್ದರಿಂದ ಒಂಟಿ ಮರಿ ಕಂಡರೆ ಪಾಪ ಅಂತ ಎತ್ತಿಕೊಂಡು ಬರಬೇಡಿ. ತಾಯಿ ಬಂದೇ ಬರುತ್ತಾಳೆ.

ಇಷ್ಟು ನಿಧಾನವಾಗಿ ಸಂತತಿ ಬೆಳೆಯುವ ಪ್ರಾಣಿ ಇದು. ಇಲಿಯ ಹಾಗೆ ಬೇಗ ಬೇಗ ಹೆಚ್ಚಲ್ಲ. ಒಂದು ತಾಯಿ ಸತ್ತರೆ ಆ ಜಾಗ ತುಂಬಲು ವರ್ಷಗಳೇ ಬೇಕು.

ಹಾಗಾದರೆ ಅದು ಸಾಯೋದು ಯಾಕೆ? ಎರಡು ಕಾರಣ ಹೇಳ್ತೀನಿ.

ಒಂದು, ಮೂಢನಂಬಿಕೆ. ಮಾಟ ಮಾಡುವವರು ಅದನ್ನು ಹಿಡಿದು ಹಿಂಸೆ ಮಾಡುತ್ತಾರೆ. ಕೈಕಾಲು ಮುರಿಯುತ್ತಾರೆ. ಕಣ್ಣಿಗೆ ಔಷಧಿ ಅಂತ ಅದರ ಕಣ್ಣು ಕೀಳುವವರೂ ಇದ್ದಾರೆ. ಅಕ್ಕಾ, ಕಾಡುಪಾಪದ ಕಣ್ಣಲ್ಲಿ ಯಾವ ಔಷಧಿಯೂ ಇಲ್ಲ. ಕೊಳಕು ರಸ ಬಿಟ್ಟುಕೊಂಡರೆ ಇದ್ದ ದೃಷ್ಟಿಯೂ ಹೋಗಬಹುದು. ಕಣ್ಣು ಮಂಜಾದರೆ ಆಸ್ಪತ್ರೆಗೆ ಹೋಗಿ ತೋರಿಸಿ. ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ತೆಗೆಯುತ್ತಾರೆ.

ಎರಡು, ಬೇಲಿ ಹೋಗ್ತಾ ಇದೆ. ಮೊದಲು ಹೊಲದ ಸುತ್ತ ಜಾಲಿ, ಕಳ್ಳಿ, ಹೊಂಗೆ ಬೆಳೆದು ಒಂದಕ್ಕೊಂದು ತಾಗಿಕೊಂಡಿದ್ದವು. ಈಗ ಎಷ್ಟೋ ಕಡೆ ಬೇಲಿ ಕಡಿದು ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದಾರೆ. ಕಾಡುಪಾಪ ಮಂಗನ ಹಾಗೆ ನೆಗೆಯಲ್ಲ. ಒಂದು ಕೊಂಬೆ ಬಿಗಿಯಾಗಿ ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚುತ್ತೆ. ಕೊಂಬೆಗೆ ಕೊಂಬೆ ತಾಗಿದ್ದರೆ ಅದೇ ಅದರ ದಾರಿ. ನಡುವೆ ನಾಲ್ಕು ಗಿಡ ಕಡಿದರೆ ದಾರಿ ತುಂಡಾಯಿತು. ಆಗ ನೆಲಕ್ಕೆ ಇಳಿಯುತ್ತೆ. ನಾಯಿ ಬಾಯಿಗೋ ವಾಹನದ ಚಕ್ರಕ್ಕೋ ಸಿಗುತ್ತೆ. ಇಲ್ಲವೇ ಕರೆಂಟಿನ ತಂತಿ ಹಿಡಿದು ಸಾಯುತ್ತೆ.

ಇದಕ್ಕೆ ಕಾನೂನು ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ, ಆನೆಯ ಜೊತೆ ಕಾಡುಪಾಪವೂ ಮೊದಲನೇ ಪಟ್ಟಿಯಲ್ಲಿದೆ. ಹಿಡಿದರೆ, ಕೊಂದರೆ 3ರಿಂದ 7 ವರ್ಷ ಜೈಲು. ದಂಡವೂ ಉಂಟು. ಮನೆಯಲ್ಲಿ ಸಾಕುವುದೂ ತಪ್ಪು. ಪಕ್ಕದ ತಮಿಳುನಾಡಿನ ಕಡವೂರಿನಲ್ಲಿ 2022ರಲ್ಲಿ ಕಾಡುಪಾಪಕ್ಕೆಂದೇ ಒಂದು ಅಭಯಾರಣ್ಯ ಮಾಡಿದರು. ದೇಶದಲ್ಲಿ ಅದೇ ಮೊದಲನೆಯದು. ಆದರೆ ನಮ್ಮ ಹೊಲದ ಬೇಲಿಯಲ್ಲಿರೋ ಕಾಡುಪಾಪಕ್ಕೆ ಅಭಯ ಕೊಡಬೇಕಾದವರು ನಾವೇ.

ನಾವು ಏನು ಮಾಡಬಹುದು? ಸೌದೆಗೆ ಹೋಗುವವರು ನಾವು. ಬೇಲಿ ಸವರುವಾಗಲೂ ಜೊತೆಗೆ ಇರುವವರು ನಾವು. ಒಣಗಿದ ಕಡ್ಡಿ ಆರಿಸಿಕೊಳ್ಳೋಣ. ಹಸಿ ಪೊದೆಯನ್ನು ಬುಡಸಮೇತ ಕಡಿಯೋದು ಬೇಡ. ತಂತಿ ಬೇಲಿ ಹಾಕಿದರೂ ಅದರ ಪಕ್ಕ ಸಾಲಾಗಿ ಗಿಡ ಬೆಳೆಸೋಣ. ಗಾಯವಾದ ಕಾಡುಪಾಪ ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸೋಣ. ಯಾರಾದರೂ ಹಿಡಿದು ತಂದರೆ "ಬೇಡಪ್ಪಾ, ಬಿಟ್ಟುಬಿಡು" ಅಂತ ಗಟ್ಟಿಯಾಗಿ ಹೇಳೋಣ.

ನೀವೀಗ ಓದಲು ಕಲಿತಿದ್ದೀರಿ. ಈ ಪಾಠವನ್ನು ಇವತ್ತು ಸಂಜೆ ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿ ಹೇಳಿ. ಅತ್ತೆಯವರಿಗೆ, ಯಜಮಾನರಿಗೆ, ಮಕ್ಕಳಿಗೆ ಹೇಳಿ. ನಾಳೆ ಬೇಲಿ ಕಡಿಯಲು ಮಚ್ಚು ಎತ್ತಿದವರು ಒಂದು ಸಲ ಪೊದೆಯೊಳಗೆ ಇಣುಕಿ ನೋಡಲಿ.