ಯೂರಿಯಾ ಚೀಲ ಮತ್ತು ಕಡಲಿನ ಅನಿಲ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಈ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಸಂಘದ ಬಾಗಿಲಲ್ಲಿ ಹೆಚ್ಚು ಸಲ ಕೇಳಿಬಂದ ಪ್ರಶ್ನೆ ಒಂದೇ: "ಯೂರಿಯಾ ಬಂತೇನ್ರೀ?" ಅದು ಎಲ್ಲಿಂದ ಬರುತ್ತದೆ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ.

ಯೂರಿಯಾಕ್ಕೆ ಮೂಲ ನೈಸರ್ಗಿಕ ಅನಿಲ. ಅದರಿಂದ ಜಲಜನಕ, ಗಾಳಿಯಿಂದ ಸಾರಜನಕ ತೆಗೆದು ಅಮೋನಿಯಾ ಮಾಡುತ್ತಾರೆ, ಅಮೋನಿಯಾದಿಂದ ಯೂರಿಯಾ. ಅನಿಲ ನಿಂತರೆ ಕಾರ್ಖಾನೆ ನಿಂತಂತೆಯೇ.

ಆಂಧ್ರದ ಕರಾವಳಿಯಾಚೆ ಕೃಷ್ಣಾ-ಗೋದಾವರಿ ಕಡಲತಳದಲ್ಲಿ 2002ರಲ್ಲಿ ರಿಲಯನ್ಸ್ ಕಂಪನಿಗೆ ದೊಡ್ಡ ಅನಿಲ ನಿಕ್ಷೇಪ ಸಿಕ್ಕಿತು. 2005ರಲ್ಲಿ ಅಂಬಾನಿ ಅಣ್ಣತಮ್ಮಂದಿರು ಪಾಲಾದಾಗ, ದಿನಕ್ಕೆ 2 ಕೋಟಿ 80 ಲಕ್ಷ ಘನ ಮೀಟರ್ ಅನಿಲವನ್ನು 17 ವರ್ಷ ತಮ್ಮನ ಕಂಪನಿಗೆ 2.34 ಡಾಲರ್ ದರದಲ್ಲಿ ಕೊಡಬೇಕೆಂದು ಮಾತಾಗಿತ್ತು. ಸರ್ಕಾರ 2007ರಲ್ಲಿ ಒಪ್ಪಿದ ದರ 4.20 ಡಾಲರ್. 2008ರಲ್ಲಿ ಸಚಿವರ ಸಮಿತಿ ಸರದಿಯನ್ನೂ ಗೊತ್ತುಮಾಡಿತು: ಮೊದಲು ಗೊಬ್ಬರದ ಕಾರ್ಖಾನೆ, ಆಮೇಲೆ ಉಳಿದವರು. ಜಗಳ ಕೋರ್ಟಿಗೆ ಹೋಯಿತು. 2009ರ ಜೂನ್‌ನಲ್ಲಿ ಮುಂಬೈ ಹೈಕೋರ್ಟು ತಮ್ಮನ ಕಡೆ ತೀರ್ಪಿತ್ತಿತು. 2010ರ ಮೇ 7ರಂದು ಸುಪ್ರೀಂ ಕೋರ್ಟು ಅದನ್ನು ಬದಲಿಸಿ, ಬಳಸುವವರ ಕೈ ಸೇರುವ ತನಕ ಅನಿಲ ಸರ್ಕಾರದ್ದೇ, ಹಂಚಿಕೆಗೂ ದರಕ್ಕೂ ಸರ್ಕಾರದ ನೀತಿಯೇ ಆಧಾರ ಎಂದಿತು. ಮನೆಯೊಳಗಿನ ಕರಾರಿಗಿಂತ ದೇಶದ ಸರದಿ ದೊಡ್ಡದಾಯಿತು.

ಆದರೆ ಬಾವಿ ಕೋರ್ಟಿನ ಮಾತು ಕೇಳುತ್ತದೆಯೇ? ಕೆಲವೇ ವರ್ಷಗಳಲ್ಲಿ ಆ ಅನಿಲ ತೀರಾ ಇಳಿಯಿತು. ಹೊರದೇಶದ ದುಬಾರಿ ಅನಿಲ ತರಿಸಬೇಕಾಯಿತು. ನಮ್ಮ ಮಂಗಳೂರಿನ ಪಣಂಬೂರು ಕಾರ್ಖಾನೆಯಂತೂ ಬಹುಕಾಲ ನಾಫ್ತಾದಿಂದಲೇ ನಡೆಯಿತು. ಕೊಚ್ಚಿ-ಮಂಗಳೂರು ಕೊಳವೆ ಮಾರ್ಗ ಉದ್ಘಾಟನೆಯಾದದ್ದು 2021ರ ಜನವರಿಯಲ್ಲಿ. ಈ ಖರ್ಚಿನ ಬಹುಪಾಲನ್ನು ಸರ್ಕಾರ ಸಬ್ಸಿಡಿಯಾಗಿ ಹೊರುವುದರಿಂದ ಅದರ ಬಿಸಿ ನಮ್ಮ ಚೀಲಕ್ಕೆ ತಟ್ಟುವುದಿಲ್ಲ, ಅಷ್ಟೆ.

ಇದರಲ್ಲಿ ನಮಗೇನು ಪಾಠ ಅಂತೀರಾ? ಲಾರಿ ತಡವಾದ ಮುಂಗಾರಿನಲ್ಲಿ ನಾವೂ ಸರದಿ ಬಿಟ್ಟು ಮುಖ ನೋಡಿ ಚೀಲ ಕೊಟ್ಟದ್ದುಂಟು. ಅರ್ಧ ಎಕರೆಯವರು ಬರಿಗೈಯಲ್ಲಿ ಹೋದರು. ಅದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇವೆ. ದೆಹಲಿಯಲ್ಲಿ ಸರದಿ ಬೇಕೆನ್ನುವ ನಾವು ನಮ್ಮ ಗೋದಾಮಿನಲ್ಲಿ ಅದನ್ನು ಮುರಿಯಬಾರದು. ಇನ್ನು ಮುಂದೆ ಬಂದ ಚೀಲವೆಷ್ಟು, ಯಾರಿಗೆ ಎಷ್ಟು ಎಂಬುದನ್ನು ಹಲಗೆಯ ಮೇಲೆ ಬರೆದೇ ಹಂಚೋಣ. ತಿಪ್ಪೆಗೊಬ್ಬರ ಮರೆಯದೆ, ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಹಾಕೋಣ. ಕಡಲತಳದಿಂದ ಬಂದದ್ದು ಕಾಲುವೆಯಲ್ಲಿ ಹರಿದು ಹೋಗಬಾರದು.