ಮನೆ ಮುಂದಿನ ರೋಡು ಯಾರದ್ದು?

ಇವತ್ತಿನ ಎಪಿಸೋಡನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಬಿ.ಕಾಂ. ಓದೋವಾಗ ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಪಿಜಿಯಲ್ಲಿದ್ದೆ. ಆ ಪಿಜಿಗೆ ಪಾರ್ಕಿಂಗ್ ಇರಲಿಲ್ಲ. ಮೂರು ವರ್ಷ ನನ್ನ ಸ್ಕೂಟರ್ ನಿಂತಿದ್ದು ಎದುರುಮನೆ ಕಾಂಪೌಂಡ್ ಪಕ್ಕದಲ್ಲಿ. ಒಂದಿನ ಬೆಳಗ್ಗೆ, ಇಂಟರ್ನಲ್ಸ್ ಇದ್ದ ದಿನಾನೇ, ನೋಡಿದ್ರೆ ಎರಡೂ ಟೈರಲ್ಲಿ ಗಾಳಿ ಇಲ್ಲ. ಯಾರು ತೆಗೆದ್ರು ಅಂತ ಗೊತ್ತಿತ್ತು. ಪಂಕ್ಚರ್ ಅಂಗಡಿವರೆಗೂ ಗಾಡಿ ತಳ್ಕೊಂಡು ಹೋಗ್ತಾ ಆ ಮನೆಯವರಿಗೆ ಹಿಡಿಶಾಪ ಹಾಕಿದ್ದೆ.

ಈಗ ಅದೇ ಏರಿಯಾದಲ್ಲಿ ಅಪ್ಪ ಅಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದೀನಿ. ಒಂದು ಸೆಕೆಂಡ್ ಹ್ಯಾಂಡ್ ಕಾರಿದೆ. ಅದು ಹೊರಗೆ ಹೋದಾಗ ಜಾಗ ಕಾಯೋಕೆ ರೋಡ್ ಮೇಲೆ ಎರಡು ಸಿಮೆಂಟ್ ಪಾಟ್ ಇಟ್ಟಿದ್ದೆ. ಹೌದು, ನಾನೇ. ಹೋದ ತಿಂಗಳು ಒಬ್ಬ ಹುಡುಗಿ ಪಾಟ್ ಪಕ್ಕಕ್ಕೆ ಸರಿಸಿ ಸ್ಕೂಟರ್ ನಿಲ್ಲಿಸ್ತಿದ್ಲು. ಹೊರಗೆ ಹೋಗಿ ಜೋರು ಮಾಡಿದೆ. ಅವಳು ಹೆಲ್ಮೆಟ್ ತೆಗೆದು ಮೆಲ್ಲಗೆ ಕೇಳಿದ್ಲು: "ಅಕ್ಕಾ, ರೋಡು ನಿಮ್ದಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಅಲ್ಲ, ಉತ್ತರ ಇತ್ತು, ಆದ್ರೆ ಅದು 'ಅಲ್ಲ' ಅಂತ ಆಗಿತ್ತು.

ಕಾನೂನು ಇಷ್ಟೇ. ಯಾರದೇ ಗೇಟಿಗೆ ಅಡ್ಡ ಗಾಡಿ ನಿಲ್ಲಿಸೋದು ತಪ್ಪು. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೇ ಅದಿದೆ. ಆದ್ರೆ ಗೇಟ್ ಬಿಟ್ಟು, ಕಾಂಪೌಂಡ್ ಹೊರಗಿನ ರೋಡು ಸಾರ್ವಜನಿಕರದ್ದು. ಅಲ್ಲಿ ಕಲ್ಲು, ಪಾಟ್, ಹಳೇ ಟೈರ್ ಇಟ್ಟು ರಿಸರ್ವ್ ಮಾಡೋ ಹಕ್ಕು ಯಾರಿಗೂ ಇಲ್ಲ. ಗೇಟಿಗೆ ನಾವೇ ಹೊಡೆಸಿಕೊಂಡ 'ನೋ ಪಾರ್ಕಿಂಗ್, ಟೈರ್ ವಿಲ್ ಬಿ ಡಿಫ್ಲೇಟೆಡ್' ಬೋರ್ಡ್ ನೋಡ್ಕೊಂಡು ಗಾಳಿ ತೆಗೆಯೋ ಹಕ್ಕಂತೂ ಇಲ್ವೇ ಇಲ್ಲ.

ಸರಿ, ಇಷ್ಟೊಂದು ಗಾಡಿ ಎಲ್ಲಿಂದ ಬರ್ತಾವೆ? ಒಂದು ಕಡೆ ಕುಕ್ಕರಹಳ್ಳಿ ಕೆರೆ, ಅದರಾಚೆ ಮಾನಸಗಂಗೋತ್ರಿ, ಸುತ್ತಮುತ್ತ ಕಾಲೇಜು, ಕೋಚಿಂಗ್ ಸೆಂಟರ್. ಬೆಳಗ್ಗೆ ಒಂಬತ್ತೂವರೆಗೆ ಕ್ರಾಸ್ ರೋಡ್‌ಗಳೆಲ್ಲ ತುಂಬಿ ಹೋಗ್ತಾವೆ. 'ಎಲ್ಲ ಈ ಸ್ಟೂಡೆಂಟ್ಸ್‌ದೇ ಕಾಟ' ಅಂತೀವಿ. ಆದ್ರೆ ನಮ್ಮನೆ ಲೆಕ್ಕ ಕೇಳಿ. ನಮ್ಮ ಓನರ್ ಕಾರ್ ಶೆಡ್ಡಿಗೆ ಗೋಡೆ ಕಟ್ಟಿ ಒಂದು ರೂಮ್ ಮಾಡಿದ್ದಾರೆ. ಇಬ್ಬರು ಹುಡುಗರು ಬಾಡಿಗೆಗಿದ್ದಾರೆ. ಹಾಗಾಗಿ ನಮ್ಮ ಕಾರು ರೋಡಿಗೆ ಬಂತು, ಆ ಹುಡುಗರ ಎರಡು ಬೈಕೂ ರೋಡಿಗೆ ಬಂತು. ಒಂದು ಕಾರ್ ನಿಲ್ಲೋಕೆ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬೇಕು. ಸುಮಾರು 135 ಚದರಡಿ. ಅಂದ್ರೆ ಒಂದು ಪಿಜಿ ರೂಮು! ಆ ರೂಮಿನ ಬಾಡಿಗೆ ಓನರ್ ಜೇಬಿಗೆ, ನಮ್ಮ ಕಾರಿನ ಜಾಗದ ಖರ್ಚು ಊರಿನ ತಲೆಗೆ. ಬಿ.ಕಾಂ. ಎಕನಾಮಿಕ್ಸ್‌ನಲ್ಲಿ 'ಎಕ್ಸ್‌ಟರ್ನಾಲಿಟಿ' ಅಂತ ಐದು ಮಾರ್ಕಿಗೆ ಬರೀತಿದ್ವಲ್ಲ, ಅದು ಇದೇ.

ಯೂನಿವರ್ಸಿಟಿ ಪಕ್ಕದ ಏರಿಯಾದಲ್ಲೇ ಇದನ್ನ ಅಳೆದು ನೋಡಿದ ಒಬ್ಬ ಪ್ರೊಫೆಸರ್ ಇದ್ರು. ಡೊನಾಲ್ಡ್ ಶೂಪ್, 2025ರಲ್ಲಿ ತೀರಿಕೊಂಡ್ರು. ಲಾಸ್ ಏಂಜಲೀಸ್‌ನಲ್ಲಿ ಅವರು ಪಾಠ ಮಾಡ್ತಿದ್ದ ಯುಸಿಎಲ್‌ಎ ಪಕ್ಕದಲ್ಲೇ ವೆಸ್ಟ್‌ವುಡ್ ವಿಲೇಜ್ ಅಂತ ಹದಿನೈದು ಬ್ಲಾಕಿನ ಪುಟ್ಟ ಏರಿಯಾ. ಅಲ್ಲಿ ಜಾಗ ಹುಡುಕ್ತಾ ಒಂದೊಂದು ಕಾರು ಸುತ್ತೋದು ಮೂರು ನಿಮಿಷ ಚಿಲ್ಲರೆ. ಮೂರೇ ನಿಮಿಷ ತಾನೇ ಅನ್ಸುತ್ತೆ. ಎಲ್ಲ ಕಾರು ಸೇರಿಸಿ ವರ್ಷಕ್ಕೆ ಲೆಕ್ಕ ಹಾಕಿದ್ರೆ ಸುಮಾರು 15 ಲಕ್ಷ ಕಿಲೋಮೀಟರ್, ಭೂಮಿಗೆ 38 ಸುತ್ತು! ಅವರು ಹೇಳಿದ ಮದ್ದು ಸರಳ. ಪ್ರತಿ ಬೀದಿಯಲ್ಲೂ ಯಾವಾಗ್ಲೂ ಒಂದೆರಡು ಜಾಗ ಖಾಲಿ ಉಳಿಯೋ ಹಾಗೆ ದರ ಇಡಿ, ಬಂದ ದುಡ್ಡನ್ನ ಅದೇ ಬೀದಿಗೆ ಖರ್ಚು ಮಾಡಿ.

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಯೂನಿವರ್ಸಿಟಿ ಪಕ್ಕದ ವೆಸ್ಟ್ ಕ್ಯಾಂಪಸ್ ಏರಿಯಾದಲ್ಲಿ, ಹಾಗೇ ಮಾಡಿದ್ರು. ಮೀಟರ್ ದುಡ್ಡಲ್ಲಿ ಖರ್ಚು ಕಳೆದು ಉಳಿದದ್ದರ ಒಂದು ದೊಡ್ಡ ಪಾಲು ಅಲ್ಲಿನ ಫುಟ್‌ಪಾತ್‌ನಂಥ ಕೆಲಸಕ್ಕೇ ಹೋಯ್ತು. ಕೊಲರಾಡೋದ ಬೌಲ್ಡರ್‌ನಲ್ಲಿ ನಿವಾಸಿಗಳಿಗೆ ಪರ್ಮಿಟ್ ಕೊಟ್ರು, ಜೊತೆಗೆ ಹೊರಗಿಂದ ಬರೋರಿಗೂ ಕೆಲವು ಪರ್ಮಿಟ್ ಮಾರಿದ್ರು. ಬೀದಿ ಪೂರ್ತಿ ಮನೆಯವರಿಗೇ ಬರೆದು ಕೊಡಲಿಲ್ಲ.

ಅದನ್ನೇ ಇಲ್ಲಿ ಕಾಪಿ ಹೊಡೆಯೋಕೆ ಆಗಲ್ಲ. ನಮ್ಮಲ್ಲಿ ಮುಖ್ಯವಾಗಿ ಇರೋದು ಟೂ ವೀಲರ್. ಒಂದು ಕಾರಿನ ಜಾಗದಲ್ಲಿ ಐದಾರು ಸ್ಕೂಟರ್ ನಿಲ್ಲುತ್ತೆ. ಹಾಗಾದ್ರೆ ಬೀದಿಯನ್ನ ಹೆಚ್ಚು ನುಂಗ್ತಿರೋದು ಯಾರು? ಸ್ಟೂಡೆಂಟಾ, ದಿನಪೂರ್ತಿ ನಿಂತೇ ಇರೋ ನನ್ನ ಕಾರಾ? ದರ ಅಂತ ಬಂದ್ರೆ ಮೊದಲು ಕಟ್ಟಬೇಕಾದವಳು ನಾನು. ಸ್ಟೂಡೆಂಟ್ಸ್‌ಗೆ ಗೆರೆ ಎಳೆದ ಟೂ ವೀಲರ್ ಜಾಗ ಕೊಡಬೇಕು, ದರ ಅವರ ಕೈಗೆಟುಕೋ ಹಾಗಿರಬೇಕು.

ನಮ್ಮ ರಾಜ್ಯಕ್ಕೆ ಇದು ಹೊಸ ಐಡಿಯಾನೂ ಅಲ್ಲ. 2021ರಲ್ಲಿ ಒಪ್ಪಿಗೆ ಸಿಕ್ಕ ಬೆಂಗಳೂರಿನ ಪಾರ್ಕಿಂಗ್ ನೀತಿಯಲ್ಲಿ ಮನೆ ಮುಂದೆ ನಿಲ್ಲಿಸೋ ಕಾರಿಗೂ ಪರ್ಮಿಟ್ ಅಂತಿತ್ತು. ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ಎಸ್‌ಯುವಿಗೆ 5,000. ಜನ ಬೈದ್ರು. ಪರ್ಮಿಟ್ ವರ್ಷಗಟ್ಟಲೆ ಕಾಗದದಲ್ಲೇ ಉಳೀತು.

ಬೈಯೋಕೆ ಕಾರಣಾನೂ ಇದೆ. ಮೊನ್ನೆ ನಮ್ಮ ಬೀದಿ ಮೀಟಿಂಗಲ್ಲಿ ನಾನು ಈ ಮಾತೆತ್ತಿದಾಗ ಒಬ್ಬ ಅಂಕಲ್, "ರೋಡ್ ಟ್ಯಾಕ್ಸ್ ಕಟ್ಟಿಲ್ವೇನಮ್ಮಾ?" ಅಂದ್ರು. ಟ್ಯಾಕ್ಸ್ ಕಟ್ಟಿದ್ದು ರೋಡಲ್ಲಿ ಓಡಿಸೋಕೆ, ಮಲಗಿಸೋಕಲ್ಲ ಅಂದೆ. ನಕ್ರು. ಆದ್ರೆ ಅವರ ಎರಡನೇ ಪ್ರಶ್ನೆಗೆ ನಾನು ತಡವರಿಸಿದೆ: "ರಸೀದಿ ಪುಸ್ತಕ ಹಿಡ್ಕೊಂಡು ಒಬ್ಬ ಬರ್ತಾನೆ, ದುಡ್ಡು ಎಲ್ಲಿಗೆ ಹೋಯ್ತು ಅಂತ ಯಾರಿಗೆ ಗೊತ್ತಾಗುತ್ತೆ?"

ನಿಜ. ಅದಕ್ಕೇ ನಾನು ಹೇಳೋದು, ದರಕ್ಕಿಂತ ಮೊದಲು ಲೆಕ್ಕ ಬರಬೇಕು. ಈ ತಿಂಗಳು ಇಷ್ಟು ಬಂತು, ಇಷ್ಟಕ್ಕೆ ಫುಟ್‌ಪಾತ್ ಸರಿ ಮಾಡಿಸಿದ್ವಿ, ಇಷ್ಟಕ್ಕೆ ಬೀದಿದೀಪ ಹಾಕಿಸಿದ್ವಿ ಅಂತ ಕ್ರಾಸ್ ತುದಿಯಲ್ಲಿ ಬೋರ್ಡ್ ಹಾಕಲಿ. ಆಗ ಕಟ್ತೀನಿ. ಸಂತೋಷದಿಂದ ಅಂತ ಸುಳ್ಳು ಹೇಳಲ್ಲ, ನಮ್ಮನೆ ಬಜೆಟ್‌ಗೆ ವರ್ಷಕ್ಕೆ ಸಾವಿರ ರೂಪಾಯಿನೂ ಲೆಕ್ಕಾನೇ. ಆದ್ರೆ ಕಟ್ತೀನಿ.

ಅಲ್ಲಿವರೆಗೂ ಏನು ಮಾಡ್ದೆ ಅಂದ್ರೆ, ಪಾಟ್ ಎರಡನ್ನೂ ಗೇಟ್ ಒಳಗೆ ತಂದಿಟ್ಟೆ. ಅಮ್ಮ ಒಂದರಲ್ಲಿ ದೊಡ್ಡಪತ್ರೆ ಹಾಕಿದ್ದಾರೆ. ಆ ಹುಡುಗಿ ಈಗ ಗೇಟ್ ಬಿಟ್ಟು ಗೋಡೆ ಪಕ್ಕ ನಿಲ್ಲಿಸ್ತಾಳೆ. ಕೆಲವು ದಿನ ನನ್ನ ಕಾರಿಗೆ ಜಾಗ ಸಿಗಲ್ಲ, ಎರಡು ಕ್ರಾಸ್ ಆಚೆ ಬಿಟ್ಟು ನಡ್ಕೊಂಡು ಬರ್ತೀನಿ. ಸಿಟ್ಟು ಬರುತ್ತೆ, ಇಲ್ಲ ಅನ್ನಲ್ಲ.

ನೀವೂ ನಾಳೆ ಒಂದು ಕೆಲಸ ಮಾಡಿ. ಬೆಳಗ್ಗೆ ಹತ್ತಕ್ಕೆ ನಿಮ್ಮ ಬೀದಿಯಲ್ಲಿ ಎಷ್ಟು ಕಾರು, ಎಷ್ಟು ಟೂ ವೀಲರ್, ಎಷ್ಟು ಪಾಟ್ ಇದೆ ಎಣಿಸಿ ವಾಯ್ಸ್ ನೋಟ್ ಕಳ್ಸಿ. ಮುಂದಿನ ವಾರ ಕೇಳ್ಸೋಣ. ಸಿಗ್ತೀನಿ.